ಎನ್ನಲಾಗಿದೆ

ಅವಳು ಕೂತದ್ದು ತಪ್ಪು ಕಡೆ. ಅದು ಗೊತ್ತಾಗಿದ್ದು ಕಂಪನಿಯ ವಕೀಲೆ ಬಾಗಿಲಲ್ಲೇ ನಿಂತು, ಹೇಳಲೋ ಬೇಡವೋ ಎನ್ನುವಂತೆ ನಕ್ಕಾಗ. ಉದ್ದ ಮೇಜಿನ ಆ ಕಡೆ, ಕಿಟಕಿಗೆ ಬೆನ್ನು ಹಾಕಿ ಕಂಪನಿಯವರು ಕೂರಬೇಕು; ಈ ಕಡೆ, ಕಿಟಕಿಗೆ ಮುಖ ಮಾಡಿ ಹೊರಗಿನಿಂದ ಬಂದವರು. ಬಂದವರಿಗೆ ಕೆಳಗಿನ ನದಿ ಕಾಣಲಿ, ನದಿಯ ಮೇಲಿನ ಸೇತುವೆ ಕಾಣಲಿ, ಇಷ್ಟು ಎತ್ತರದಲ್ಲಿ ಕೂತವರ ಜೊತೆ ವ್ಯವಹಾರಕ್ಕೆ ಬಂದಿದ್ದೇವೆ ಎಂಬುದು ಮಾತು ಶುರುವಾಗುವ ಮೊದಲೇ ಮನಸ್ಸಿಗೆ ಇಳಿಯಲಿ ಎಂದು ಯಾರೋ ತಲೆ ಓಡಿಸಿ ಮಾಡಿದ ಏರ್ಪಾಡು. ಮೊದಲು ಟಿವಿ ವರದಿಗಾರ್ತಿಯಾಗಿ, ಆಮೇಲೆ ಸಂಜೆಯ ಸುದ್ದಿ ಓದುವವಳಾಗಿ ಅವಳು ಇಷ್ಟು ವರ್ಷ ಹೊಕ್ಕ ಕೋಣೆಗಳಲ್ಲೆಲ್ಲ ಹೊರಗಿನಿಂದ ಬಂದವಳೇ ಆಗಿದ್ದಳು. ಆಸ್ಪತ್ರೆಯ ಮುಖ್ಯಸ್ಥರ ಕೋಣೆ, ಪೊಲೀಸ್ ಅಧಿಕಾರಿಯ ಕೋಣೆ, ಗಂಡನನ್ನು ಕಳೆದುಕೊಂಡ ಹೆಂಗಸಿನ ನಡುಮನೆ. ಎಲ್ಲಿ ಹೋದರೂ ಬಾಗಿಲಿಗೆ ಹತ್ತಿರದ ಕುರ್ಚಿ ಎಳೆದುಕೊಂಡು, ಎದುರಿಗಿರುವವರ ಮುಖದ ಮೇಲೆ ಬೆಳಕು ಬೀಳುತ್ತದೆಯೇ ಎಂದು ನೋಡಿಕೊಂಡು, ಮೈಕು ಮುಂದಿಟ್ಟು ಕೂತವಳು. ಕಾಲು ಇವತ್ತೂ ಅಭ್ಯಾಸದಂತೆ ಅಲ್ಲಿಗೇ ಕರೆದುಕೊಂಡು ಹೋಗಿತ್ತು. “ಈ ಕಡೆ ಬರ್ತೀರಾ?” ಎಂದಳು ವಕೀಲೆ. “ಇಲ್ಲಿಂದ ಸೇತುವೆ ಚೆನ್ನಾಗಿ ಕಾಣುತ್ತೆ,” ಎಂದು ಅವಳು ಕೂತಲ್ಲೇ ಕೂತಳು. ಎದ್ದು ಹೋದರೆ ತಪ್ಪು ಮಾಡಿದಂತಾಗುತ್ತದೆ, ಕೂತೇ ಇದ್ದರೆ ಬೇಕೆಂದು ಆರಿಸಿಕೊಂಡಂತಾಗುತ್ತದೆ. ಟಿವಿಯಲ್ಲಿ ನಾಲಗೆ ತಡವರಿಸಿದಾಗಲೂ ಅವಳು ಮಾಡುತ್ತಿದ್ದದ್ದು ಇದನ್ನೇ. ಆದರೂ ವಕೀಲೆ ಎದುರು ಬಂದು ಕೂತು ಲ್ಯಾಪ್‌ಟಾಪ್ ತೆರೆಯುವವರೆಗೂ ಅವಳ ಕಿವಿಯ ತುದಿ ಬಿಸಿಯಾಗಿಯೇ ಇತ್ತು.

ಈ ಕಂಪನಿ ಸುದ್ದಿ ಮಾಡುವುದಿಲ್ಲ, ಬೇರೆಯವರು ಮಾಡಿದ ಸುದ್ದಿಯನ್ನು ಜನರ ಫೋನಿಗೆ ಮುಟ್ಟಿಸುತ್ತದೆ. ಟಿವಿ ವಾಹಿನಿಗಳು, ಪತ್ರಿಕೆಗಳು ಇವರ ಜೊತೆ ಒಪ್ಪಂದ ಮಾಡಿಕೊಂಡು ತಮ್ಮ ಸುದ್ದಿಯನ್ನು ಇವರ ಕೈಗೆ ಕೊಡಬೇಕು; ಆ ಒಪ್ಪಂದಗಳನ್ನು ಕುದುರಿಸುವ ಪಾಲುದಾರಿಕೆ ವಿಭಾಗಕ್ಕೆ ಅವಳು ಮುಖ್ಯಸ್ಥೆ. ಕೆಲಸ ಸೇರಿದ ದಿನ ಗಂಡನ ತಾಯಿ ಪಾಲುದಾರಿಕೆ ಎಂಬ ಮಾತನ್ನು ಮತ್ತೆ ಮತ್ತೆ ಹೇಳಿಸಿಕೊಂಡು, “ಅಂಗಡಿ ಏನಾದ್ರೂ ಇಡ್ತಿದ್ದೀರಾ?” ಎಂದಿದ್ದರು. “ಇಲ್ಲ ಅತ್ತೆ, ಸುದ್ದಿ ಕೊಡೋರಿಗೂ ಓದೋರಿಗೂ ನಡುವೆ ನಾವಿರ್ತೀವಿ.” “ದಲ್ಲಾಳಿ ಅನ್ನು.” ಅವಳಿಗೆ ನಗು ಬಂದಿತ್ತು, ಯಾಕೆಂದರೆ ಆ ಹುದ್ದೆಯ ದೊಡ್ಡ ಮಾತುಗಳನ್ನೆಲ್ಲ ಸೋಸಿದರೆ ಉಳಿಯುತ್ತಿದ್ದದ್ದು ಅದೇ. ಅತ್ತೆಯ ದುಃಖ ಬೇರೆಯೇ ಇತ್ತು. ಸೊಸೆ ಪರದೆಯ ಮೇಲೆ ಬಂದು ‘ನಮಸ್ಕಾರ’ ಎಂದಾಗ ಅವರು ಸಂಜೆಯ ಮಾತ್ರೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಈಗ ಮಾತ್ರೆಯೇ ಮರೆತುಹೋಗುತ್ತಿತ್ತು. “ಮುಖ ಕಾಣದಿರೋ ಕೆಲಸ ಎಂಥ ಕೆಲಸವೋ,” ಎಂದು ಮಾತ್ರೆಯ ಡಬ್ಬಿಗೆ ಹೇಳಿಕೊಳ್ಳುತ್ತಿದ್ದರು. ಅವಳಿಗೆ ಮುಖದ ಚಿಂತೆ ಇರಲಿಲ್ಲ. ಹಚ್ಚಿದ ಬಣ್ಣವನ್ನು ರಾತ್ರಿ ತೊಳೆದು ಮಲಗುವ ಕೆಲಸ ಸಾಕೆನಿಸಿತ್ತು, ಅದನ್ನು ಬಿಟ್ಟು ಬಂದದ್ದಕ್ಕೆ ಒಂದು ದಿನವೂ ಹಳಹಳಿಸಿರಲಿಲ್ಲ. ಇಲ್ಲಿ ಕಾಡಿದ್ದು ಪದಗಳು. ಫೀಡ್ ಎಂದರೆ ಟಿವಿಯವರಿಗೆ ಸ್ಥಳದಿಂದ ವ್ಯಾನ್ ಕಳಿಸುವ ದೃಶ್ಯ; ಇಲ್ಲಿ ಬೆರಳು ಸವರಿದಷ್ಟೂ ಮುಗಿಯದೆ ಇಳಿಯುವ ಪಟ್ಟಿ. ಬೈಟ್ ಎಂದರೆ ಅಲ್ಲಿ ಯಾರದೋ ಬಾಯಿಂದ ಹಿಡಿದು ತಂದ ನಾಲ್ಕು ಮಾತು. ಇಲ್ಲಿ ಕಂಪ್ಯೂಟರಿನ ಅಳತೆ. ಸೇರಿದ ಹೊಸದರಲ್ಲಿ ಸಭೆಯೊಂದರಲ್ಲಿ, “ಒಂದು ಬೈಟ್ ಇದ್ರೆ ಸಾಕು, ಕೆಲಸ ಆಗುತ್ತೆ,” ಎಂದು ಹೇಳಿ ಎಂಜಿನಿಯರುಗಳ ಮುಖದಲ್ಲಿ ಕಂಡ ಕರುಣೆಯನ್ನು ಅವಳು ಮರೆತಿರಲಿಲ್ಲ. ಅಂದಿನಿಂದ ಒಂದೊಂದೇ ಪದವನ್ನು ಹಿಡಿದು ಪಳಗಿಸಿದಳು. ಇನ್ನು ಯಾವ ಪದವೂ ಕಾಲಿಗೆ ತೊಡರುವುದಿಲ್ಲ ಎಂಬ ಧೈರ್ಯದಲ್ಲೇ ಅವಳು ಇವತ್ತು ಮನೆಯಿಂದ ಹೊರಟಿದ್ದಳು, ಸೇತುವೆ ದಾಟಿ ಬಂದಿದ್ದಳು.

ಇವತ್ತು ಸಹಿ ಹಾಕಲು ಬರುತ್ತಿದ್ದವರು ಅವಳ ಹಳೆಯ ವಾಹಿನಿಯ ಸಂಪಾದಕರು, ಅವಳಿಗೆ ವಾಕ್ಯ ಬರೆಯಲು ಕಲಿಸಿದವರು. ಒಳಗೆ ಬಂದು, ಖಾಲಿ ಇದ್ದ ಕುರ್ಚಿಗಳನ್ನು ನೋಡಿ, ಕಿಟಕಿಗೆ ಬೆನ್ನು ಹಾಕಿ ವಕೀಲೆಯ ಪಕ್ಕ ಕೂತರು. “ನನ್ನನ್ನ ಒಳಗಿನವರ ಕಡೆ ಕೂರಿಸಿದ್ದೀಯಲ್ಲ, ಕೆಲಸ ಗಿಲಸ ಕೊಡ್ತೀಯೋ ಹೇಗೆ?” ಎಂದರು. ನಕ್ಕರು, ಆದರೆ ಆ ನಗೆ ಹಳೆಯ ನಗೆಯಲ್ಲ ಎಂಬುದು ಅವಳಿಗೆ ತಿಳಿಯಿತು. ವಾಹಿನಿಗೆ ಜಾಹೀರಾತು ನಿಂತುಹೋಗಿದೆ. ಇವರ ಪಟ್ಟಿಗೆ ಸೇರಿದರೆ ಉಸಿರಾಡಬಹುದು, ಸೇರದಿದ್ದರೆ ಅವಳು ಓದುತ್ತಿದ್ದ ಸಂಜೆಯ ಸುದ್ದಿಯನ್ನೇ ಮುಚ್ಚುತ್ತಾರೆ, ಅದರ ಜೊತೆ ಅವಳ ಹಳೆಯ ತಂಡವೂ ಮನೆಗೆ ಹೋಗುತ್ತದೆ. ಹಿಂದೆ ಇದೇ ಮನುಷ್ಯ ಅವಳು ಬರೆದು ತಂದ ಕಾರ್ಖಾನೆಯ ಬೆಂಕಿಯ ಸುದ್ದಿಯ ಕೊನೆಯಲ್ಲಿ ಪೆನ್ನು ಊರಿ, “ಬಾಲ ಎಲ್ಲಮ್ಮಾ?” ಎಂದು ಇಡೀ ಕೋಣೆಗೆ ಕೇಳುವಂತೆ ಕೇಳಿದ್ದರು. ಬಾಲ ಎಂದರೆ ‘ಎನ್ನಲಾಗಿದೆ’. ಬೆಂಕಿಗೆ ವಿದ್ಯುತ್ ಕಾರಣ ಎಂದು ಬರೆದರೆ ಸಾಲದು, ಕಾರಣ ಎನ್ನಲಾಗಿದೆ ಎಂದು ಬರೆಯಬೇಕು. ಯಾರು ಎಂದರು, ಎಂದವರಿಗೆ ಹೇಗೆ ಗೊತ್ತು, ಯಾರೂ ಕೇಳುವ ಹಾಗಿಲ್ಲ. “ವಾಕ್ಯ ಹೋಗಿ ಯಾರನ್ನಾದ್ರೂ ಕಚ್ಚಿದ್ರೆ ಬಾಲ ಹಿಡಿದು ಹಿಂದಕ್ಕೆ ಎಳ್ಕೋಬಹುದು,” ಎನ್ನುತ್ತಿದ್ದರು. ಅವಳು ಅದನ್ನು ಬೇಗ ಕಲಿತಳು, ಗುರುವಿಗಿಂತ ಚೆನ್ನಾಗಿಯೇ ಕಲಿತಳು: ಓದುವಾಗ ಬಾಲ ಬಂದೊಡನೆ ದನಿ ಇಳಿಸುತ್ತಿದ್ದಳು, ನೋಡುವವರ ಕಿವಿಗೆ ವಾಕ್ಯ ಬೀಳುತ್ತಿತ್ತು, ಬಾಲ ಬೀಳುತ್ತಿರಲಿಲ್ಲ. ಅತ್ತೆಯಂತೂ ಮಾತು ಮಾತಿಗೆ ‘ಅಂತೆ’ ಹಚ್ಚುವವರು. ಮೇಲಿನ ಮನೆಯವರು ಕಾರು ತಗೊಂಡ್ರಂತೆ, ತಿರುಗಿ ಮಾರಿದ್ರಂತೆ, ಆ ಹುಡುಗಿಗೆ ಗಂಡನ ಮನೆ ಒಗ್ಗಲಿಲ್ಲವಂತೆ. ಸ್ವಂತ ಮಂಡಿ ನೋವನ್ನೂ ‘ಸವೆದಿದೆಯಂತೆ’ ಎನ್ನುವ ಆ ಬಾಯಿ ಸೊಸೆ ಓದಿದ ಸುದ್ದಿಯನ್ನು ಓಣಿಯಲ್ಲಿ ಹೇಳುವಾಗ ಮಾತ್ರ ಅಂತೆಯನ್ನು ಕೈಬಿಡುತ್ತಿತ್ತು. “ನೀನು ಹೇಳಿದ್ದಕ್ಕೆ ನಾನ್ಯಾಕೆ ಅಂತೆ ಹಾಕ್ಲಿ?” ಎಂದು ಒಮ್ಮೆ ಕೇಳಿದ್ದರು. ಅವಳಿಗೆ ಆಗ ಹೆಮ್ಮೆಯಾಗಿತ್ತು, ಸ್ವಲ್ಪ ನಾಚಿಕೆಯೂ ಆಗಿತ್ತು, ಎರಡನ್ನೂ ಮುಖದಲ್ಲಿ ತೋರಿಸಿರಲಿಲ್ಲ.

ವಕೀಲೆ ಒಪ್ಪಂದದ ಅಂಶಗಳನ್ನು ಓದುತ್ತಿದ್ದಳು, ಸಂಪಾದಕರು ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದರು, ಹಾಗೆ ತಲೆಯಾಡಿಸುವುದನ್ನು ನೋಡಲಾಗದೆ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಅಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿ ಗಡ್ಡ ತಲೆ ಹಾಕಿದ. ಅವನನ್ನು ಎಲ್ಲರೂ ಕರೆಯುವುದೇ ಗಡ್ಡ ಎಂದು. ಅವನ ಕಾಫಿ ಕಪ್ಪಿನ ಮೇಲೂ ಹಾಗೆಯೇ ಬರೆದಿತ್ತು. ತುರ್ತು ಸುದ್ದಿ ಬಂದರೆ ಊರಿನ ಎಲ್ಲ ಫೋನುಗಳೂ ಒಟ್ಟಿಗೆ ಗುಂಯ್ ಎನ್ನುವಂತೆ ಕಳಿಸುವ ವ್ಯವಸ್ಥೆ ಅವನ ಕೈಯಲ್ಲಿತ್ತು. ಕಳಿಸಬೇಕೇ ಬೇಡವೇ ಎಂದು ಹೇಳುವುದು ಅವಳ ಕೆಲಸ, ಆ ಇಡೀ ಮಹಡಿಯಲ್ಲಿ ಸುದ್ದಿ ಎಂದರೇನೆಂದು ಗೊತ್ತಿದ್ದವಳು ಅವಳೊಬ್ಬಳೇ ಆದ್ದರಿಂದ. “ಮೇಡಂ, ಈ ವಾರ ಟ್ರಯಲ್‌ಗೆ ತಗೊಳ್ತಿದ್ದೀವಲ್ಲ, ಸರ್ ಅವರ ವಾಹಿನಿ, ಅಲ್ಲಿಂದಲೇ ಬಂದಿದೆ, ಏನು ಮಾಡ್ಲಿ?” ಎಂದು ಅವನು ಕೈಯಲ್ಲಿದ್ದ ಪರದೆಯನ್ನು ಅವಳ ಕಡೆ ತಿರುಗಿಸಿದ. ‘ನದಿ ಸೇತುವೆಯ ನಡುಭಾಗದಲ್ಲಿ ಭಾರಿ ಬಿರುಕು ಬಿಟ್ಟಿದೆ ಎನ್ನಲಾಗಿದೆ.’ ಜೊತೆಗೆ ಮಸುಕಾದ ಒಂದು ಫೋಟೋ. ಅವಳ ಕಣ್ಣು ನೇರವಾಗಿ ಬಾಲಕ್ಕೆ ಹೋಯಿತು. ಬಾಲವಿದೆ ಎಂದರೆ ಯಾರೂ ಹೋಗಿ ನೋಡಿಲ್ಲ. “ಪುಶ್ ಮಾಡಿ,” ಎಂದಳು. “ಖಂಡಿತಾನಾ ಮೇಡಂ?” “ಹೇಳಿದ್ನಲ್ಲ, ಪುಶ್ ಮಾಡಿ.” ಹೇಳುತ್ತಾ ಬಲಗೈಯನ್ನು ಮೇಜಿನ ಮೇಲಿನ ಕಸವನ್ನು ಸರಿಸುವಂತೆ ಸರಿಸಿದಳು. ಸಂಪಾದಕರು ಮೆಚ್ಚುಗೆಯಿಂದ ಕಣ್ಣು ಮುಚ್ಚಿ ತೆರೆದರು. ಗಡ್ಡ ಹೋದ. ಇಷ್ಟು ಚುರುಕಾಗಿ, ಅನುಮಾನವಿಲ್ಲದೆ ತೀರ್ಮಾನ ಕೊಟ್ಟ ತನ್ನ ದನಿ ಅವಳಿಗೇ ಹಿತವಾಗಿ ಕೇಳಿಸಿತು.

ಮೇಜಿನ ಮೇಲಿದ್ದ ಫೋನುಗಳು ಒಟ್ಟಿಗೆ ನಡುಗಿದವು. ವಕೀಲೆಯದು, ಸಂಪಾದಕರದು, ಅವಳದು. ಗೋಡೆಯ ಆಚೆಯ ಕೋಣೆಯಲ್ಲೂ ಅದೇ ಸದ್ದು. ‘ನದಿ ಸೇತುವೆಯ ನಡುಭಾಗದಲ್ಲಿ ಭಾರಿ ಬಿರುಕು ಬಿಟ್ಟಿದೆ.’ ಅಷ್ಟೇ. ಫೋನಿನ ಮುಖದ ಮೇಲೆ ಇಷ್ಟು ಅಕ್ಷರಕ್ಕಷ್ಟೇ ಜಾಗ, ಉಳಿದದ್ದನ್ನು ಯಂತ್ರ ತಾನಾಗಿ ಕತ್ತರಿಸುತ್ತದೆ, ಕನ್ನಡದ ಅನುಮಾನವೆಲ್ಲ ವಾಕ್ಯದ ಕೊನೆಯಲ್ಲಿರುತ್ತದೆ ಎಂಬುದು ಅದಕ್ಕೆ ಏನು ಗೊತ್ತು. ಅವಳು ಓದಿದಳು, ಮತ್ತೆ ಓದಿದಳು, ತನಗೆ ಏನಾಯಿತೆಂದು ಅರ್ಥವಾಗುವ ಮೊದಲೇ ಅರ್ಥವಾಗಿಬಿಟ್ಟಿತು. ಸುದ್ದಿಮನೆಯಲ್ಲಿ ಪುಶ್ ಮಾಡು ಎಂದರೆ ಕೆಳಗೆ ತಳ್ಳು, ಈಗ ಬೇಡ, ಮುಂದಿನ ಬುಲೆಟಿನ್‌ಗೆ ನೋಡೋಣ. ಇಲ್ಲಿ ಪುಶ್ ಮಾಡು ಎಂದರೆ ಎಲ್ಲರ ಫೋನಿಗೂ ತಳ್ಳು. ಪಳಗಿಸಿದ ಪದಗಳ ಮಂದೆಯಲ್ಲಿ ಇದೊಂದು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ, ಎರಡೂ ಕಡೆ ಅಷ್ಟು ಸಲೀಸಾಗಿ ಓಡಾಡಿಕೊಂಡಿದ್ದ ಪದ. ಅವಳು ಕಿಟಕಿಯ ಕಡೆ ನೋಡಿದಳು. ಸೇತುವೆಯ ನಡುವೆ ಇದ್ದ ಬಸ್ಸು ನಿಂತಿತು, ಒಳಗಿದ್ದವರು ಇಳಿದು ಓಡತೊಡಗಿದರು. ಸ್ಕೂಟರುಗಳು ಇದ್ದಲ್ಲೇ ತಿರುಗಿ ಬಂದ ದಾರಿ ಹಿಡಿದವು. ಬಸ್ಸು ಮಾತ್ರ ಬಾಗಿಲು ತೆರೆದುಕೊಂಡು ನಿಂತೇ ಇತ್ತು, ಆಮೇಲೆ ಚಾಲಕನಿಗೆ ಧೈರ್ಯ ಬಂದಿತೋ ಏನೋ, ಅದೂ ಹಿಂದಕ್ಕೆ ಉರುಳಿ ಮರೆಯಾಯಿತು. ಇಷ್ಟು ದಿನ ಅವಳು ನೋಡಿರದಿದ್ದ ಸೇತುವೆಯ ಮೈ ಬರಿದಾಗಿ ಬಿಸಿಲಿಗೆ ಬಿದ್ದುಕೊಂಡಿತ್ತು.

ಆ ಹೊತ್ತಿನಲ್ಲಿ ತನಗೆ ಆದದ್ದು ಏನೆಂದು ಅವಳು ಮುಚ್ಚಿಟ್ಟುಕೊಳ್ಳಲಿಲ್ಲ, ಕನಿಷ್ಠ ತನ್ನಿಂದ ಮುಚ್ಚಿಡಲಿಲ್ಲ. ಹೆದರಿಕೆ ಬರುವ ಮೊದಲು ಒಂದು ಗಳಿಗೆ ಅವಳಿಗೆ ಖುಷಿಯಾಯಿತು. ಸಂಜೆ ಸಂಜೆಯೂ ಕ್ಯಾಮೆರಾದ ಕಪ್ಪು ಕಣ್ಣಿಗೆ ಸುದ್ದಿ ಓದಿ ಮನೆಗೆ ಹೋಗುತ್ತಿದ್ದವಳು; ಓದಿದ್ದು ಯಾರಿಗೆ ತಟ್ಟಿತು, ಯಾರು ಊಟದ ತಟ್ಟೆಯಿಂದ ತಲೆಯೆತ್ತಿದರು, ಏನೂ ಕಾಣುತ್ತಿರಲಿಲ್ಲ. ಇಲ್ಲಿ ಎರಡು ಮಾತು, ಅದೂ ಕೈಯಾಡಿಸಿ ಹೇಳಿದ್ದು, ಒಂದು ಸೇತುವೆಯನ್ನು ಗುಡಿಸಿಹಾಕಿತ್ತು. ಇಷ್ಟು ಬಲ ನನಗಿದೆ ಎನ್ನಿಸಿ ಬೆನ್ನು ನೆಟ್ಟಗಾಯಿತು. ಆಮೇಲೆ ಸೇತುವೆಯ ತುದಿಯಲ್ಲಿ ಇನ್ನೂ ಓಡುತ್ತಿದ್ದವರಲ್ಲಿ ಒಬ್ಬಳು ಎಡವಿ ಬಿದ್ದು, ಎದ್ದು, ಬಿದ್ದ ಚೀಲವನ್ನು ಬಿಟ್ಟೇ ಓಡಿದ್ದು ಕಂಡಿತು. ಆ ಹೆಂಗಸು ಎದ್ದು ಓಡಿದ್ದಳು, ಅವಳಿಗೇನೂ ಆಗಿರಲಿಲ್ಲ. ಆದರೆ ಇವಳ ಬೆನ್ನು ನೆಟ್ಟಗಾದದ್ದೂ ಅವಳು ಬಿದ್ದದ್ದೂ ಒಂದೇ ಗಳಿಗೆಯಲ್ಲಿ, ಅದನ್ನು ಬೇರೆ ಬೇರೆ ಮಾಡಲು ಇನ್ನು ಆಗುವುದಿಲ್ಲ.

ಫೋನು ಮತ್ತೆ ನಡುಗಿತು. ಅತ್ತೆ. “ನೋಡು, ಸೇತುವೆ ಬಿರುಕು ಬಿಟ್ಟಿದೆ. ನೀನು ಈ ಕಡೆ ಬರಬೇಡ, ಆಫೀಸಲ್ಲೇ ಇರು.” ಅವಳು ಕಾದಳು. ಅಂತೆ ಬರಲಿಲ್ಲ. “ಯಾರು ಹೇಳಿದ್ರು ಅತ್ತೆ?” “ನಿಮ್ಮ ಕಂಪನಿಯೇ ಕಳಿಸಿದೆಯಲ್ಲ, ಫೋನಲ್ಲಿ. ನಾನು ಓಣಿಯ ಬಾಯಿಗೆ ಹೋಗಿ ನಿಂತು ಎಲ್ಲರಿಗೂ ಹೇಳಿದೆ. ಮೇಲಿನ ಮನೆಯವನು ಸ್ಕೂಟರ್ ತೆಗೀತಿದ್ದ, ಹೋಗಬೇಡಪ್ಪ ಅಂದೆ. ನಂಬಲಿಲ್ಲ. ನನ್ನ ಸೊಸೆ ಕಡೆಯಿಂದ ಬಂದ ಸುದ್ದಿ ಕಣೋ ಅಂದ ಮೇಲೆ ಇಳಿದ.” ದನಿಯಲ್ಲಿ ಗಾಬರಿಗಿಂತ ಹೆಚ್ಚಾಗಿ ಸಡಗರವಿತ್ತು, ಸೊಸೆ ಟಿವಿ ಬಿಟ್ಟ ಮೇಲೆ ಅವಳು ಕೇಳದಿದ್ದ ಸಡಗರ. “ಆಮೇಲೆ ಮಾಡ್ತೀನಿ ಅತ್ತೆ,” ಎಂದು ಅವಳು ಇಟ್ಟಳು.

ಗಡ್ಡ ಬಾಗಿಲಲ್ಲಿ ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. “ಪುಶ್ ಅಂದ್ರಲ್ಲ ಮೇಡಂ.” “ಅಂದೆ. ನನ್ನ ಪುಶ್ ಬೇರೆ, ನಿಮ್ಮ ಪುಶ್ ಬೇರೆ. ನೀವು ಮಾಡಿದ್ದು ಸರಿ.” ಅವಳು ಬಿಡಿಸಿ ಹೇಳಿದಾಗ ಸಂಪಾದಕರು ಹಣೆಗೆ ಕೈ ಹಚ್ಚಿದರು. ವಕೀಲೆ ಮಾತ್ರ ಗಲಿಬಿಲಿಗೊಳ್ಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಮಕ್ಕಳಿಗೆ ರಸ್ತೆ ದಾಟಿಸುವವರ ಹಾಗೆ ನಿಧಾನವಾಗಿ, ಅವಳೊಬ್ಬಳಿಗೇ ಹೇಳಿದಳು. “ನೀವು ಏನಂದ್ರಿ ಅನ್ನೋದು ಈ ಕೋಣೆಯಿಂದ ಆಚೆ ಹೋಗೋದು ಬೇಡ. ನಿಯಮದ ಪ್ರಕಾರ ವಾಕ್ಯ ವಾಹಿನಿಯವರದು, ಹೊಣೆ ಅವರದು. ಅವರನ್ನ ಪಟ್ಟಿಯಿಂದ ಕೈಬಿಡ್ತೀವಿ, ಒಂದು ತಿದ್ದುಪಡಿ ಹಾಕ್ತೀವಿ, ನಿಮ್ಮ ಹೆಸರು ಎಲ್ಲೂ ಬರಲ್ಲ.” ಕ್ರೂರವಾಗಿ ಹೇಳಿದ ಮಾತಲ್ಲ ಅದು. ನಿಜವಾಗಿಯೂ ಕೈ ಹಿಡಿದು ಮೇಲೆತ್ತಲು ಬಂದವಳು. ಸಂಪಾದಕರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಬಾಲ ಇತ್ತಮ್ಮ. ನೀನೇ ನೋಡಿದೆ,” ಎಂದರು. ಆಮೇಲೆ ತಮ್ಮಷ್ಟಕ್ಕೆ, “ಇದ್ದರೇನು, ಫೋಟೋ ನೋಡಿ ಹಾಕಿಬಿಟ್ಟಿದ್ದಾರೆ. ಯಾರೂ ಹೋಗಿ ನೋಡಿಲ್ಲ,” ಎಂದರು. ಅವರು ಬೇಡಿಕೊಳ್ಳಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು. ಬೇಡಿಕೊಂಡಿದ್ದರೆ ಕರುಣೆ ತೋರಿಸಿದ ಹೆಸರಾದರೂ ಬರುತ್ತಿತ್ತು. ಈಗ ಉಳಿದದ್ದು ಲೆಕ್ಕ: ತಾನು ಸುಮ್ಮನಿದ್ದರೆ ತನ್ನ ಕುರ್ಚಿ ಉಳಿಯುತ್ತದೆ, ಅವರ ವಾಹಿನಿ ಹೋಗುತ್ತದೆ, ಬಾಯಿ ಬಿಟ್ಟರೆ ತನ್ನ ಕುರ್ಚಿ ಅಲ್ಲಾಡುತ್ತದೆ. ಈ ಕುರ್ಚಿ ಅವಳಿಗೆ ಬೇಕಿತ್ತು. ಇಷ್ಟಪಟ್ಟು, ಹೊಸ ಪದಗಳನ್ನು ಕಲಿತು, ಅವಮಾನ ನುಂಗಿ ಕೂತಿದ್ದಳು.

ಅವಳು ಮೊದಲು ಮಾಡಿದ್ದು ಸೇತುವೆ ನೋಡಿಕೊಳ್ಳುವ ಎಂಜಿನಿಯರಿಗೆ ಫೋನು. ವರದಿಗಾರ್ತಿಯ ಕಾಲದ ನಂಬರು, ವರದಿಗಾರ್ತಿಯ ಕಾಲದ ದನಿ. “ಬಿರುಕಾ? ಅದು ಸಂದು ಕಣ್ರೀ, ನಾವೇ ಬಿಟ್ಟಿರೋದು,” ಎಂದು ಆ ಮನುಷ್ಯ ರೇಗಿದ. “ಬಿಸಿಲಿಗೆ ಸೇತುವೆ ಹಿಗ್ಗುತ್ತೆ, ಹಿಗ್ಗೋಕೆ ಜಾಗ ಬೇಡ್ವಾ? ಮೇಲಿನ ರಬ್ಬರ್ ಪಟ್ಟಿ ಕಿತ್ತುಬಂದಿದೆ, ಅಷ್ಟೇ. ಬೆಳಿಗ್ಗೆ ನಮ್ಮವರು ಕೆಳಗಿಳಿದು ನೋಡಿ ಬಂದಿದ್ದಾರೆ. ಸೇತುವೆಗೆ ಏನೂ ಆಗಿಲ್ಲ. ಯಾವ ಪುಣ್ಯಾತ್ಮ ಈ ಸುದ್ದಿ ಹಬ್ಬಿಸಿದ್ದು?” “ನಾನೇ,” ಎಂದಳು. ಹೇಳಿದ ಮೇಲೆ ಅದು ಎಷ್ಟು ಚಿಕ್ಕ ಮಾತು ಎನ್ನಿಸಿತು. ಆ ಕಡೆಯವನು, ಸೇತುವೆಯ ಬಾಯಿಗೆ ಪೊಲೀಸರು ಆಗಲೇ ಹಾಕಿರುವ ಅಡ್ಡಗಟ್ಟೆಯನ್ನು ತೆಗೆಸುತ್ತೇನೆ ಎಂದು ಮೆತ್ತಗೆ ಹೇಳಿ ಇಟ್ಟ.

ವಕೀಲೆ ಅಷ್ಟರಲ್ಲಿ ತಿದ್ದುಪಡಿಯನ್ನು ಬರೆದು ಮೇಜಿನ ಈಚೆಗೆ ತಿರುಗಿಸಿದ್ದಳು. ‘ಸೇತುವೆಗೆ ಸಂಬಂಧಿಸಿದ ಮಾಹಿತಿಯನ್ನು ನವೀಕರಿಸಲಾಗಿದೆ.’ ಅವಳಿಗೆ ಅದನ್ನು ನೋಡಿ ಹಳೆಯ ನೆಂಟರನ್ನು ಕಂಡಂತಾಯಿತು. ಎನ್ನಲಾಗಿದೆ, ಶಂಕಿಸಲಾಗಿದೆ, ವಿಷಾದಿಸಲಾಗಿದೆ, ನವೀಕರಿಸಲಾಗಿದೆ. ಎಷ್ಟು ಸಂಜೆ ಓದಿದ್ದಳು ಇವನ್ನು, ಎಷ್ಟು ಚೆನ್ನಾಗಿ ಓದಿದ್ದಳು. ಈ ವಾಕ್ಯಗಳಲ್ಲಿ ಎಲ್ಲವೂ ಆಗಿರುತ್ತದೆ, ಯಾರೂ ಮಾಡಿರುವುದಿಲ್ಲ. “ಯಾರು ನವೀಕರಿಸಿದ್ದು?” ಎಂದು ಕೇಳಿದಳು. “ಅಂದ್ರೆ?” “ಏನಿಲ್ಲ.” ಗಡ್ಡನ ಕೈಯಿಂದ ಪರದೆಯನ್ನು ತೆಗೆದುಕೊಂಡು ಅವಳೇ ಬರೆದಳು. ಸೇತುವೆ ಗಟ್ಟಿಯಾಗಿದೆ, ಬಿರುಕಿನ ಸುದ್ದಿ ಸುಳ್ಳು, ತಪ್ಪು ನನ್ನದು. ಬರೆದು ನೋಡಿದರೆ ಕೊನೆಯ ಮಾತು ಜಾಗಕ್ಕೆ ಸಾಲದೆ ಕತ್ತರಿಸಿಹೋಗುತ್ತಿತ್ತು. ಯಂತ್ರವೇ ಅವಳನ್ನು ಉಳಿಸಲು ಹೊರಟಂತಿತ್ತು. ನಾನು ಬರೆದಿದ್ದೆ, ಅದು ಕತ್ತರಿಸಿತು, ನಾನೇನು ಮಾಡಲಿ ಎಂದು ನಾಳೆ ಯಾರ ಮುಂದೆಯಾದರೂ ಹೇಳಬಹುದಿತ್ತು. ಅವಳು ಅಷ್ಟನ್ನೂ ಅಳಿಸಿ, ತಲೆಕೆಳಗು ಮಾಡಿ, ಮೊಟಕಾಗಿ ಬರೆದಳು. ‘ತಪ್ಪು ನನ್ನದು. ಸೇತುವೆ ಗಟ್ಟಿಯಾಗಿದೆ, ಬಿರುಕು ಸುಳ್ಳು.’ ಮೇಲೆ, ಕತ್ತರಿ ಮುಟ್ಟದ ಜಾಗದಲ್ಲಿ, ತನ್ನ ಹೆಸರು. ವಕೀಲೆ ಅದನ್ನು ಓದಿ, “ಇದು ಹೋದ್ರೆ ನಾಳೆ ನೀವು ಈ ಕೋಣೆಯಲ್ಲಿರೋದು ನನ್ನ ಕೈಲಿಲ್ಲ,” ಎಂದಳು. “ಗೊತ್ತು,” ಎಂದಳು ಅವಳು. ಹೆದರಿಕೆಯಾಗಿತ್ತು, ಆದರೆ ಅನುಮಾನವಿರಲಿಲ್ಲ. ಗಡ್ಡ ಅವಳ ಮುಖವನ್ನೇ ನೋಡುತ್ತಿದ್ದ. “ಕಳಿಸಿ,” ಎಂದಳು. “ಎಲ್ಲರಿಗೂ. ಈಗಲೇ.” ಫೋನುಗಳು ಮತ್ತೆ ನಡುಗಿದವು.

ಅವಳು ಕಿಟಕಿಗೆ ಹೋಗಿ ನಿಂತಳು, ಸಂಪಾದಕರೂ ಎದ್ದು ಬಂದು ಪಕ್ಕದಲ್ಲಿ ನಿಂತರು. ಪೊಲೀಸನೊಬ್ಬ ಅಡ್ಡಗಟ್ಟೆಯನ್ನು ಎಳೆದು ಬದಿಗಿಟ್ಟದ್ದು ಕಂಡಿತು. ಯಾರೂ ಬರಲಿಲ್ಲ. ಎರಡು ತುದಿಯಲ್ಲೂ ಜನ ಗುಂಪುಗೂಡಿ ಫೋನು ನೋಡುತ್ತಿದ್ದರು, ಸೇತುವೆ ನೋಡುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿದ್ದರು. ಒಬ್ಬ ಸ್ಕೂಟರಿನವನು ಸ್ವಲ್ಪ ಮುಂದೆ ಬಂದು, ಕಾಲೂರಿ, ಹಿಂದಕ್ಕೆ ಹೋದ. ಬಿರುಕು ಬಿಟ್ಟಿದೆ ಎಂದರೆ ನಂಬುವುದಕ್ಕೆ ಒಂದು ಗಳಿಗೆ ಸಾಕು. ಬಿಟ್ಟಿಲ್ಲ ಎಂದರೆ ಯಾರನ್ನಾದರೂ ಮೊದಲು ಕಳಿಸಿ ನೋಡಬೇಕು. “ಹೆದರಿದ್ದಾರೆ,” ಎಂದರು ಸಂಪಾದಕರು. ಆಮೇಲೆ, ಅವಳು ಕೈಚೀಲ ತೆಗೆದುಕೊಳ್ಳುವುದನ್ನು ನೋಡಿ, “ಕ್ಯಾಮೆರಾ ತರಿಸ್ಲಾ? ನಮ್ಮ ವ್ಯಾನ್ ಹತ್ತಿರದಲ್ಲೇ ಇರಬೇಕು,” ಎಂದರು. ಪಾಪ, ಅವರು ತಿಳಿದಿದ್ದ ಉಪಕಾರ ಅದೊಂದೇ. “ಬೇಡ ಸರ್. ನೀವು ಇಲ್ಲೇ ಇರಿ, ಬಂದು ಸಹಿ ಮಾಡಿಸ್ತೀನಿ.” “ನೀನು ಬರೋ ಹೊತ್ತಿಗೆ ನಿನ್ನ ಸಹಿಗೆ ಬೆಲೆ ಇರುತ್ತಾ?” “ಇವತ್ತು ಸಂಜೆವರೆಗೂ ಇರುತ್ತೆ,” ಎಂದಳು, ಮತ್ತು ಅವರು ಈ ಸಲ ಹಳೆಯ ನಗೆ ನಕ್ಕರು.

ಲಿಫ್ಟಿನಿಂದ ಇಳಿದು ನದಿಯ ದಾರಿ ಹಿಡಿದಾಗ ಅತ್ತೆಗೆ ಫೋನು ಮಾಡಿದಳು. “ಅತ್ತೆ, ಆ ಸುದ್ದಿ ಸುಳ್ಳು. ತಪ್ಪಾಗಿ ಕಳಿಸಿದ್ದು ನಾನೇ.” ಆ ಕಡೆ ಅತ್ತೆ ಎದ್ದು ಕೂತ ಮಂಚದ ಸದ್ದು ಕೇಳಿಸಿತು. “ಈಗ ನೋಡಿದೆ. ನಿನ್ನ ಹೆಸರು ಇದೆ,” ಎಂದರು. “ನಾನು ಓಣಿ ತುಂಬಾ ಹೇಳಿಬಿಟ್ಟಿದ್ದೀನಲ್ಲೇ.” “ಹೌದು ಅತ್ತೆ. ನಿಮ್ಮ ಮುಖಕ್ಕೂ ಮಸಿ ಬಳಿದೆ.” “ಮುಖ ತೊಳ್ಕೋಬಹುದು. ಮೇಲಿನ ಮನೆಯವನು ಇವತ್ತು ಕೆಲಸಕ್ಕೆ ಹೋಗಲಿಲ್ಲ, ಅವನಿಗೆ ಏನು ಹೇಳ್ಲಿ? ಸೊಸೆ ತಪ್ಪು ಮಾಡಿದಳು ಅನ್ಲಾ?” “ಅನ್ನಿ.” ಅತ್ತೆ ಯೋಚಿಸಿದರು. “ಅಷ್ಟು ನೇರವಾಗಿ ನನ್ನ ಬಾಯಲ್ಲಿ ಬರಲ್ಲ. ತಪ್ಪಾಯ್ತಂತೆ ಅಂತೀನಿ,” ಎಂದರು. ರಸ್ತೆಯ ನಡುವೆ ಅವಳ ಕಣ್ಣು ತುಂಬಿತು. ಆ ಎರಡಕ್ಷರದಲ್ಲಿ ಇಷ್ಟು ಮಮತೆಗೆ ಜಾಗವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅಷ್ಟೇ ಖಚಿತವಾಗಿ, ಇನ್ನು ಮುಂದೆ ತಾನು ಹೇಳಿದ್ದಕ್ಕೆಲ್ಲ ಅತ್ತೆ ಅಂತೆ ಹಚ್ಚುತ್ತಾರೆ ಎಂಬುದೂ ಗೊತ್ತಾಯಿತು, ಅದು ನ್ಯಾಯವೇ.

ಸೇತುವೆಯ ಬುಡದಲ್ಲಿ ಗುಂಪು ದಟ್ಟವಾಗಿತ್ತು. ಹೊಲಿದ ಬಟ್ಟೆಗಳ ದೊಡ್ಡ ಗಂಟನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದ ಟೈಲರಮ್ಮನೊಬ್ಬಳು ಅವಳನ್ನು ಮೇಲಿನಿಂದ ಕೆಳಗೆ ನೋಡಿ, “ನೀವು ಟಿವೀಲಿ ಬರ್ತಿದ್ರಲ್ಲ,” ಎಂದಳು. ಸುತ್ತಲಿನವರು ತಿರುಗಿದರು. ಮುಖಕ್ಕೆ ಬಣ್ಣವಿಲ್ಲ, ತಲೆ ಕೆದರಿದೆ, ಆದರೂ ಗುರುತು ಸಿಕ್ಕಿತ್ತು. “ನೀವೇ ಹೇಳಿ ಮತ್ತೆ, ದಾಟಬಹುದಾ? ಒಂದು ಸಲ ಬಿರುಕು ಅಂತಾರೆ, ಒಂದು ಸಲ ಇಲ್ಲ ಅಂತಾರೆ. ನೀವು ಹೇಳಿದ್ರೆ ನಂಬ್ತೀವಿ.” ಹೌದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಂಜೆಯ ದನಿ ಗಂಟಲಲ್ಲಿ ಸಿದ್ಧವಾಗಿಯೇ ಇತ್ತು. ಅದನ್ನು ಬಿಟ್ಟು, ಮನೆಯಲ್ಲಿ ಮಾತಾಡುವ ದನಿಯಲ್ಲಿ, “ದಾಟಬಹುದು. ಎಂಜಿನಿಯರ್ ಹತ್ರ ಕೇಳಿದ್ದೀನಿ. ಆದ್ರೆ ಆ ಸುಳ್ಳು ಸುದ್ದಿ ಕಳಿಸಿದ್ದೂ ನಾನೇ,” ಎಂದಳು. ಯಾರೋ ಬಾಯೊಳಗೇ ಬೈದರು. ಒಬ್ಬ ನಕ್ಕ. ಟೈಲರಮ್ಮ ಗಂಟನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿ, ಅಳತೆ ತೆಗೆಯುವವಳ ಹಾಗೆ ಅವಳನ್ನು ಇನ್ನೊಂದು ಸಲ ನೋಡಿದಳು.

“ಹಾಗಾದ್ರೆ ನೀವು ಮುಂದೆ ನಡೀರಿ,” ಎಂದಳು.

ಅವಳು ನಡೆದಳು. ಮೊದಲು ತನ್ನ ಚಪ್ಪಲಿಯ ಸದ್ದು ಮಾತ್ರ, ಸ್ವಲ್ಪ ದೂರ ಹೋದ ಮೇಲೆ ಹಿಂದೆ ಇನ್ನೊಂದು, ಆಮೇಲೆ ಎಷ್ಟೋ. ತಿರುಗಿ ನೋಡಲಿಲ್ಲ. ನಡುಭಾಗಕ್ಕೆ ಬಂದಾಗ ಕಿತ್ತುಬಂದ ರಬ್ಬರ್ ಪಟ್ಟಿಯೂ ಅದರ ಅಡಿಯ ಸಂದೂ ಕಂಡವು. ಸಂದಿನೊಳಗಿಂದ, ತುಂಬಾ ಕೆಳಗೆ, ಹರಿಯುವ ನೀರು. ಅವಳ ಕಾಲು ತಾನಾಗಿ ನಿಂತಿತು. ಒಬ್ಬ ಮನುಷ್ಯ ಫೋನಿನಲ್ಲಿ ಹೇಳಿದ್ದು, ಅಷ್ಟೇ. ಎರಡನೆಯವರನ್ನು ಕೇಳದೆ ಒಂದು ಬೀದಿ ಜಗಳದ ಸುದ್ದಿಯನ್ನೂ ಅವಳು ಓದಿದವಳಲ್ಲ, ಈಗ ಒಬ್ಬನ ಮಾತಿನ ಮೇಲೆ ಇಷ್ಟು ಜನರನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು. ಸೇತುವೆ ಕಾಲಡಿಯಲ್ಲಿ ಸಣ್ಣಗೆ ಅದುರುತ್ತಿತ್ತು, ಜನ ನಡೆದರೆ ಅದುರುವಷ್ಟೇ, ಅದು ಅವಳಿಗೆ ಗೊತ್ತಿತ್ತು.

“ಯಾಕೆ ನಿಂತ್ರಿ?” ಎಂದಳು ಹಿಂದಿನಿಂದ ಟೈಲರಮ್ಮ.

“ನೋಡ್ತಿದ್ದೀನಿ.”

“ಅದನ್ನ ಕಳಿಸೋಕೆ ಮುಂಚೆ ನೋಡಬೇಕಿತ್ತು. ಈಗ ನಿಮ್ಮನ್ನ ನೋಡ್ಕೊಂಡು ಬರೋರು ಇದ್ದಾರೆ, ನಡೀರಿ.”

ಅವಳು ಸಂದು ದಾಟಿದಳು.